ಕೊನೆಗೆ ಉಣ್ಣುವವಳು

ಯಾರ ಮನೆಯಲ್ಲಿ ಎಷ್ಟು ಹಸಿವಿದೆ ಎಂಬುದು ಸರಕಾರಕ್ಕೆ ನಿಜವಾಗಿ ಗೊತ್ತಾಗಿಬಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಮೊದಲು ಕೇಳಿದ ಪುಣ್ಯಾತ್ಮರು ಯಾರೋ ನನಗೆ ತಿಳಿಯದು. ಉತ್ತರ ಹುಡುಕುವ ಕೆಲಸಕ್ಕೆ ಸಂಬಳ ಪಡೆದವರಲ್ಲಿ ನಾನೂ ಒಬ್ಬಳು.

ಅದಕ್ಕೂ ಮೊದಲು ವಿಧಾನಸಭೆಯಲ್ಲಿ ಒಂದೇ ಜಗಳ ವರ್ಷಗಟ್ಟಲೆ ನಡೆದಿತ್ತು. ದುಡಿಯುವವರ ಜೇಬಿಗೆ ಕೈಹಾಕಿ ಉಂಡಾಡಿಗಳಿಗೆ ಹಂಚುತ್ತೀರಿ ಎಂದು ಒಂದು ಕಡೆಯವರು. ಬಡವರ ತಟ್ಟೆ ಎಣಿಸುವ ನೀವು ದೊಡ್ಡವರ ತೆರಿಗೆ ಬಾಕಿಯನ್ನು ಏಕೆ ಎಣಿಸುವುದಿಲ್ಲ ಎಂದು ಇನ್ನೊಂದು ಕಡೆಯವರು. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜವಿತ್ತು, ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ. ಕಾರು ಇಟ್ಟವರ ಮನೆಯಲ್ಲಿ ಬಡವರ ಕಾರ್ಡು ಇರುತ್ತಿತ್ತು. ಹೆಂಚು ಹಾರಿದ ಮನೆಯ ಮುದುಕಿಯ ಹೆಬ್ಬೆರಳು ಯಂತ್ರಕ್ಕೆ ಹತ್ತದೆ ಅಕ್ಕಿ ತಪ್ಪಿಹೋಗುತ್ತಿತ್ತು. ಕೊನೆಗೆ ಒಂದು ಅಧಿವೇಶನದಲ್ಲಿ ಮುಖ್ಯಮಂತ್ರಿಗಳು ಎದ್ದು ನಿಂತು, "ಇಷ್ಟು ದಿನ ಕಾರ್ಡು ನೋಡಿ ಕೊಟ್ಟೆವು, ಇನ್ನು ಹೊಟ್ಟೆ ನೋಡಿ ಕೊಡುತ್ತೇವೆ" ಎಂದರು. ಎರಡೂ ಕಡೆಯವರು ಮೇಜು ಕುಟ್ಟಿದರು. ಹೀಗೆ ಹುಟ್ಟಿದ್ದು ಉದರಮಾಪಕ.

ಅದು ಮಣಿಕಟ್ಟಿಗೆ ಕಟ್ಟುವ ತೆಳುವಾದ ಪಟ್ಟಿ. ಹೊಟ್ಟೆ ಬರಿದಾದಾಗ ರಕ್ತದಲ್ಲಾಗುವ ಬದಲಾವಣೆಯನ್ನು ಚರ್ಮದ ಮೇಲಿನಿಂದಲೇ ಓದಿ ನಾನಿದ್ದ ಸರಕಾರಿ ಕೇಂದ್ರಕ್ಕೆ ಕಳಿಸುತ್ತಿತ್ತು. ಹಸಿವು ಕಂಡರೆ ಪಟ್ಟಿಯ ಮೇಲಿನ ಸಣ್ಣ ದೀಪ ಕೆಂಪು, ಇಲ್ಲದಿದ್ದರೆ ಹಸಿರು. ಮನೆಯಲ್ಲಿ ಎಷ್ಟು ಹಸಿವೋ ಅಷ್ಟು ಅನ್ನಪಾಲು ಆ ಮನೆಯ ಕಾರ್ಡಿಗೆ ಸೇರುತ್ತಿತ್ತು. ನಾಡಿನ ಒಟ್ಟು ಹಸಿವು ಎಷ್ಟೋ ಅಷ್ಟು ಹೆಚ್ಚುವರಿ ಕರ, ಅಂದರೆ ಸೆಸ್, ತೆರಿಗೆ ಕಟ್ಟುವವರ ಮೇಲೆ ಬೀಳುತ್ತಿತ್ತು. ಹಸಿವು ಏರಿದರೆ ಸೆಸ್ ಏರಬೇಕು, ಇಳಿದರೆ ಇಳಿಯಬೇಕು. ಸಂತೆಯ ತಕ್ಕಡಿಯಷ್ಟು ಸರಳ ಎಂದು ನಾವು ಹೆಮ್ಮೆಪಟ್ಟಿದ್ದೆವು.

ಮನೆಮಂದಿಗೆಲ್ಲ ಒಂದೊಂದು ಪಟ್ಟಿ ಕೊಡುವಷ್ಟು ಹಣವಿರಲಿಲ್ಲ, ಒಲೆಗೊಂದು ಎಂದಾಯಿತು. ಯಾರ ಕೈಗೆ ಕಟ್ಟಬೇಕು ಎಂಬ ಚರ್ಚೆ ಬಂತು. ಯಜಮಾನನಿಗೆ ಎಂದರು ಕೆಲವರು, ಮಕ್ಕಳಿಗೆ ಎಂದರು ಕೆಲವರು. ನಾನು ಹೇಳಿದೆ: "ಕೊನೆಗೆ ಉಣ್ಣುವವಳ ಕೈಗೆ ಕಟ್ಟಿ. ಅವಳ ಹೊಟ್ಟೆ ತುಂಬಿತೆಂದರೆ ಉಳಿದವರೆಲ್ಲರದೂ ತುಂಬಿದೆ ಎಂದರ್ಥ." ನಮ್ಮ ಮುಖ್ಯಸ್ಥ ನಾಡಗೌಡ ಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಯಾವ ಅಧ್ಯಯನದಲ್ಲಿ ಓದಿದಿರಿ ಎಂದು ಕೇಳಿದರು. ನಮ್ಮಕ್ಕನ ಅಡುಗೆಮನೆಯಲ್ಲಿ ಎನ್ನಲು ಸಂಕೋಚವಾಯಿತು.

ನಮ್ಮಕ್ಕ ಕಸ್ತೂರಿ. ಅಪ್ಪ ಅವ್ವ ಬೇಗ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ನನ್ನನ್ನು ಇಂಜಿನಿಯರ್ ಮಾಡಿದವಳು ಅವಳೇ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ, ಮುಕ್ತಾ ಮತ್ತು ಪಾರು ಎಂಬ ಇಬ್ಬರು ಹೆಣ್ಣುಮಕ್ಕಳು. ಗಂಡ ತೀರಿ ಮೂರು ವರ್ಷವಾಗಿತ್ತು. ಶಾಲೆಯ ಸಮವಸ್ತ್ರ ಹೊಲಿಯುವುದು ಅವಳ ಕಸುಬು. ಯುಗಾದಿಯಿಂದ ಶಾಲೆ ತೆರೆಯುವವರೆಗೆ ಯಂತ್ರಕ್ಕೆ ಬಿಡುವಿಲ್ಲ, ಶ್ರಾವಣ ಬಂತೆಂದರೆ ಯಂತ್ರದ ಮೇಲೆ ಮುಸುಕು.

ಅಕ್ಕನ ವ್ರತಗಳು ಶುರುವಾಗುತ್ತಿದ್ದುದೂ ಆಗಲೇ. ಸೋಮವಾರ ಈಶ್ವರನ ಒಪ್ಪತ್ತು, ಮಂಗಳವಾರ ದ್ಯಾಮವ್ವನದು, ಗುರುವಾರ ಮಠದ ಅಜ್ಜನದು, ಶುಕ್ರವಾರ ಎಲ್ಲಮ್ಮನದು, ಶನಿವಾರ ಹನುಮಪ್ಪನದು. ದೇವರು ಸಿಗದ ಬುಧವಾರ ಅವಳ ಹೊಟ್ಟೆ ಸರಿ ಇರುತ್ತಿರಲಿಲ್ಲ. ನನ್ನಕ್ಕನಷ್ಟು ದೈವಭಕ್ತೆ ಊರಲ್ಲೇ ಇಲ್ಲವೆಂದು ಚಿಕ್ಕವಳಿದ್ದಾಗ ನಾನು ಗೆಳತಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ. ನನ್ನ ತಟ್ಟೆಗೆ ಬೀಳುವ ಎರಡನೇ ರೊಟ್ಟಿಗೂ ಅವಳ ಭಕ್ತಿಗೂ ಇದ್ದ ಸಂಬಂಧ ಹೊಳೆಯಲು ನನಗೆ ಕಾಲೇಜು ಮೆಟ್ಟಿಲು ಹತ್ತಬೇಕಾಯಿತು.

ಉದರಮಾಪಕ ಮೊದಲು ಬಂದದ್ದು ಇಂಥ ಓಣಿಗಳಿಗೇ. ಜನ ಅದನ್ನು ಹೊಟ್ಟೆಬಳೆ ಎಂದು ಕರೆದರು. ಕಟ್ಟಿಸಿಕೊಂಡ ದಿನ ಅಕ್ಕ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅವರು ಹ್ವಾದ ಮ್ಯಾಲ ಬೋಳ ಆಗಿದ್ದ ಕೈಗೆ ಸರಕಾರ ಬಳಿ ಇಡಸ್ತು ನೋಡ ಪಮ್ಮಿ."

ಆ ವರ್ಷ ನಮ್ಮಕ್ಕನ ಭಕ್ತಿ ಕಡಿಮೆಯಾಯಿತು. ಅನ್ನಪಾಲು ತಪ್ಪದೆ ಬಂತು. ಗುರುವಾರ ಹೋದರೂ ಅವಳು ಉಣ್ಣುತ್ತಿದ್ದಳು, ಶುಕ್ರವಾರವೂ ಉಣ್ಣುತ್ತಿದ್ದಳು. ಅವಳ ಕೆನ್ನೆ ತುಂಬಿಕೊಂಡದ್ದನ್ನು ನೋಡಿ ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಂಡೆ. ನಾನು ಜೋಳದ ಚೀಲ ಒಯ್ದರೆ ಅವಳು ಎಂದೂ ಇಟ್ಟುಕೊಂಡವಳಲ್ಲ. ಮಕ್ಕಳಿಗೆಂದು ಹಣ್ಣು ಒಯ್ದರೆ, ಹೊರಡುವಾಗ ನನ್ನ ಚೀಲದಲ್ಲಿ ಅಷ್ಟೇ ತೂಕದ ಶೇಂಗಾ ಚಟ್ನಿ ಇರುತ್ತಿತ್ತು. ಪಾಲನ್ನು ಮಾತ್ರ ತಲೆಯೆತ್ತಿ ತೆಗೆದುಕೊಂಡಳು. ಒಮ್ಮೆ ಕೇಳಿದ್ದಕ್ಕೆ, "ತಂಗಿ ಕೊಟ್ರ ಅದು ದಾನ ಆಕ್ಕೇತಿ. ಇದು ನನ್ನ ಪಾಲು. ನೂಲಿನ ಉಂಡಿ ತಗೊಂಡಾಗೆಲ್ಲ ನಾನೂ ತೆರಿಗಿ ಕಟ್ಟೀನಲ್ಲ" ಎಂದಿದ್ದಳು. ವಿಧಾನಸಭೆಯಲ್ಲಿ ಯಾರೂ ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಎರಡನೇ ವರ್ಷ ಎಲ್ಲರಿಗೂ ಸಮಾನ ನ್ಯಾಯ ಎಂದು ಬಂಗಲೆಯಿಂದ ಗುಡಿಸಲಿನವರೆಗೆ ಎಲ್ಲ ಒಲೆಗೂ ಬಳೆ ಕೊಟ್ಟರು. ಹಿಂದೆಯೇ ಶ್ರಾವಣ ಬಂತು. ಕೇಂದ್ರದ ದೊಡ್ಡ ಪರದೆಯ ಮೇಲೆ ನಾಡಿನ ಹಸಿವಿನ ಗೆರೆ ಸೋಮವಾರಕ್ಕೊಮ್ಮೆ ನೆಗೆದು ಬೀಳತೊಡಗಿತು. ಮೊದಲ ಸೋಮವಾರ ಯಂತ್ರ ಕೆಟ್ಟಿದೆ ಎಂದುಕೊಂಡೆವು. ಎರಡನೆಯ ಸೋಮವಾರ ನಾಡಗೌಡ ಸರ್ ಹಣೆಗೆ ಕೈಹಚ್ಚಿಕೊಂಡು, "ಅಯ್ಯೋ, ಎಲ್ಲಾರೂ ಉಪಾಸ ಅದಾರ್ರೀ" ಎಂದರು. ತಿಂಗಳ ಕೊನೆಗೆ ಸೆಸ್ ಹೆಚ್ಚುಕಡಿಮೆ ಇಮ್ಮಡಿಯಾಯಿತು. ನೀರೂ ಮುಟ್ಟದೆ ವ್ರತ ಹಿಡಿದ ಬಂಗಲೆಯ ಅಮ್ಮಂದಿರ ಕಾರ್ಡಿಗೂ ಅನ್ನಪಾಲು ಜಮೆಯಾಯಿತು.

ವಿರೋಧ ಪಕ್ಷದ ಸಂಗನಬಸಪ್ಪ ಹೂಲಿಯವರು ಸದನದಲ್ಲಿ ಗುಡುಗಿದರು. "ಸಭಾಧ್ಯಕ್ಷರೇ, ಪಕ್ಕದ ಮನೆಯವರ ವ್ರತಕ್ಕೆ ನಾನ್ಯಾಕೆ ತೆರಿಗೆ ಕಟ್ಟಬೇಕು? ಪುಣ್ಯ ಅವರಿಗೆ, ಬಿಲ್ಲು ನನಗೆ." ಆಡಳಿತ ಪಕ್ಷದವರೂ ನಕ್ಕರು. ನಾನೂ ನಕ್ಕೆ. ಸಂಬಳದಲ್ಲಿ ಸೆಸ್ ಕಡಿತವಾದ ನೋವು ನನಗೂ ಇತ್ತು, ನಾಡಗೌಡ ಸರ್ ಮಗಳ ಕಾಲೇಜು ಫೀ ಕಟ್ಟಲು ಸಾಲ ಎತ್ತಿದ್ದರು. ಹೂಲಿಯವರು ಕೇಳಿದ್ದರಲ್ಲಿ ತಪ್ಪೇನಿತ್ತು? ವ್ರತದ ಹಸಿವನ್ನೂ ಬಡತನದ ಹಸಿವನ್ನೂ ಬೇರೆ ಮಾಡಿಕೊಡಿ ಎಂದು ನಮಗೆ ಆದೇಶ ಬಂತು.

ಬೇರೆ ಮಾಡಿದೆವು. ದಾರಿ ಸುಲಭವಾಗಿಯೇ ಸಿಕ್ಕಿತು. ಬೇಕೆಂದು ಉಪವಾಸವಿದ್ದವರ ಮೈ ಶಾಂತವಾಗಿರುತ್ತದೆ, ಸಂಜೆ ಉಣ್ಣುತ್ತೇನೆಂಬ ಭರವಸೆ ಅದಕ್ಕಿದೆ. ಊಟ ಎಲ್ಲಿಂದ ಬರುತ್ತದೋ ಎಂದು ಹಸಿದವರ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಹಸಿವಿನ ಗೆರೆಯ ಪಕ್ಕದಲ್ಲಿ ಕಳವಳದ ಇನ್ನೊಂದು ಗೆರೆಯನ್ನು ಓದಿದರೆ ಆಯಿತು. ಎರಡೂ ಏರಿದರೆ ಬಡತನ, ದೀಪ ಕೆಂಪು. ಹಸಿವು ಏರಿ ಕಳವಳ ಮಲಗಿದ್ದರೆ ವ್ರತ, ದೀಪ ಹಸಿರು. ಬಾಗಿಲು ಮುಚ್ಚಿದ ಕಾರ್ಖಾನೆಯೊಂದರ ಕೆಲಸಗಾರರ ಮೇಲೂ ಮಠದ ಭಕ್ತರ ಮೇಲೂ ಪರೀಕ್ಷಿಸಿದೆವು, ಒಂದೂ ತಪ್ಪಲಿಲ್ಲ. ವ್ರತದವರಿಗೆ ಬೇಸರವಾಗದಿರಲಿ ಎಂದು "ನಿಮ್ಮ ವ್ರತ ಸಫಲವಾಗಲಿ" ಎಂಬ ಸಂದೇಶವನ್ನೂ ಮೇಲಿನವರು ಸೇರಿಸಿದರು.

ಕಾರ್ತಿಕದಲ್ಲಿ ಒಂದು ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಮಕ್ಕಳಿಗೆ ಬಡಿಸುತ್ತಿದ್ದಳು. ರೊಟ್ಟಿ ಕಾಗದದಷ್ಟು ತೆಳ್ಳಗಿತ್ತು, ಪಲ್ಯದ ಬದಲು ಖಾರಪುಡಿ.

"ನೀ ಉಣ್ಣಂಗಿಲ್ಲೇನು?" ಎಂದೆ.

"ಇವತ್ತ ಶುಕ್ರವಾರ ಐತಲ್ಲ. ಎಲ್ಲಮ್ಮನ ಒಪ್ಪತ್ತು."

ಮಕ್ಕಳು ಕೈ ತೊಳೆಯಲು ಎದ್ದಾಗ ಅವಳ ಕೈ ಹಿಡಿದು ನೋಡಿದೆ. ಬಳೆಯ ದೀಪ ಹಸಿರಾಗಿ ಉರಿಯುತ್ತಿತ್ತು. ಅವಳು ಫೋನು ತಂದು ತೋರಿಸಿದಳು. ಒಂದರ ಕೆಳಗೊಂದು, ನಿಮ್ಮ ವ್ರತ ಸಫಲವಾಗಲಿ, ನಿಮ್ಮ ವ್ರತ ಸಫಲವಾಗಲಿ.

"ನನ್ನ ಭಕ್ತಿ ಸರಕಾರಕ್ಕೂ ಮುಟ್ಟೇತಿ ನೋಡು" ಎಂದು ಅಕ್ಕ ನಕ್ಕಳು. "ಪಾಲು ನಿಂತು ತಿಂಗಳಾತು. ನಿನಗ್ಯಾಕ ಸುಮ್ನ ತ್ರಾಸ ಅಂತ ಹೇಳಿರಲಿಲ್ಲ."

ಮರುದಿನ ಕೇಂದ್ರದಲ್ಲಿ ಅವಳ ಗೆರೆಗಳನ್ನು ತೆರೆದೆ. ಹಸಿವಿನ ಗೆರೆ ಎತ್ತರದಲ್ಲಿತ್ತು, ಮಠದ ಭಕ್ತರದಕ್ಕಿಂತ ಎತ್ತರದಲ್ಲಿ. ಕಳವಳದ ಗೆರೆ ಮಾತ್ರ ನಿಂತ ನೀರಿನಂತೆ ಮಲಗಿತ್ತು. ಕಾರ್ಖಾನೆಯವರು ಹೊಸದಾಗಿ ಹಸಿದವರು, ಅವರ ಮೈ ಇನ್ನೂ ಗಾಬರಿ ಬೀಳುತ್ತಿತ್ತು. ಮೂವತ್ತು ವರ್ಷ ಹಸಿದ ಮೈ ಯಾಕೆ ಗಾಬರಿ ಬೀಳುತ್ತದೆ? ಅದಕ್ಕೆ ಹಸಿವು ದಿನದ ಕೆಲಸಗಳಲ್ಲಿ ಒಂದು. ನಮ್ಮ ಯಂತ್ರ ಆ ರೂಢಿಯನ್ನು ನೆಮ್ಮದಿ ಎಂದು ಓದುತ್ತಿತ್ತು. ಅಕ್ಕನ ಓಣಿಯ ಉಳಿದ ಮನೆಗಳನ್ನು ತೆರೆದೆ, ಪಕ್ಕದ ಓಣಿಯವನ್ನು ತೆರೆದೆ. ನೋಡಿದಲ್ಲೆಲ್ಲ ಅದೇ ಶಾಂತಿ.

ನಾಡಗೌಡ ಸರ್ ಒಳ್ಳೆಯ ಮನುಷ್ಯ. ಎಲ್ಲವನ್ನೂ ನೋಡಿದರು.

"ಪ್ರಮೀಳಾ ಅವರ, ನೀವು ಹೇಳೋದು ಖರೇ ಐತ್ರಿ. ಆದ್ರ ಇದನ್ನ ಈಗ ಬದಲಿ ಮಾಡಿದ್ರ ಬಂಗ್ಲೆದವರ ಉಪಾಸಾನೂ ಮತ್ತ ಲೆಕ್ಕಕ್ಕ ಬರ್ತೈತಿ. ಸೆಸ್ ಏರ್ತೈತಿ. ಅದು ನಮ್ಮ ಕೈಯಾಗ ಇಲ್ಲ, ಸದನದ ಸಮಿತಿ ಒಪ್ಪಬೇಕು."

ಸಮಿತಿಯ ಮುಂದೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಎಸಿ ಕೋಣೆ, ಎದುರಿಗೆ ಗೋಡಂಬಿ ತಟ್ಟೆ. ಹೂಲಿಯವರು ಸೌಜನ್ಯದಿಂದಲೇ ಕೇಳಿದರು: "ತಾಯಿ, ಒಂದೇ ಮಾತಿನಾಗ ಹೇಳ್ರಿ. ಈ ಮಷೀನು ವ್ರತದ ಉಪಾಸ ಗುರ್ತು ಹಿಡೀತೈತೋ ಇಲ್ಲೋ?"

"ಹಿಡೀತೈತ್ರಿ. ಆದ್ರ..."

"ಸಾಕು. ಬರಕೊಳ್ರಿ, ಹಿಡೀತೈತಿ."

ಆಡಳಿತ ಪಕ್ಷದ ಸದಸ್ಯರ ಕಡೆ ತಿರುಗಿದೆ. ಬಡವರ ಪರ ಮಾತಾಡುವವರು ಅವರು, ಕೇಳಿಯಾರು ಎಂಬ ಆಸೆಯಿತ್ತು. ಅವರು ಗಡಿಯಾರ ನೋಡಿಕೊಂಡು, ನಾಡಿನ ಹಸಿವು ಅರ್ಧಕ್ಕಿಂತ ಹೆಚ್ಚು ಇಳಿದಿದೆ ಎಂದು ಮುಖ್ಯಮಂತ್ರಿಗಳು ನಾಳೆ ಘೋಷಿಸಲಿದ್ದಾರೆ, ಈಗ ಇಲ್ಲ ಏರಿದೆ ಎಂದರೆ ಚೆನ್ನಾಗಿರುತ್ತದೆಯೇ ಎಂದು ನನ್ನನ್ನೇ ಕೇಳಿದರು. ನನ್ನ 'ಆದರೆ' ಆ ಕೋಣೆಯ ಯಾವ ಕಾಗದಕ್ಕೂ ಏರಲಿಲ್ಲ.

ಮರುದಿನ ಹಸಿವು ಇಳಿದದ್ದಕ್ಕೆ ಒಂದು ಪಕ್ಷ ಪಟಾಕಿ ಹೊಡೆಯಿತು, ಸೆಸ್ ಇಳಿದದ್ದಕ್ಕೆ ಇನ್ನೊಂದು. ವರ್ಷಗಟ್ಟಲೆ ಕಚ್ಚಾಡಿದವರು ಒಂದೇ ಸುಳ್ಳಿನ ಎರಡು ಬದಿ ಹಿಡಿದು ಸುಖವಾಗಿದ್ದರು. ನಮ್ಮ ಕೇಂದ್ರದಲ್ಲಿ ಧಾರವಾಡ ಪೇಡೆ ಹಂಚಿದರು. ನನ್ನ ಸಂಬಳ ಏರಿತು. ಸಿಟ್ಟಿನಿಂದ ಪೇಡೆಯನ್ನು ಕಸದ ಬುಟ್ಟಿಗೆ ಹಾಕಿದೆ, ಅದರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ತಕರಾರು ಸಲ್ಲಿಸಲು ದಾರಿಯೇನೋ ಇತ್ತು. ಆದರೆ ತಕರಾರು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದೂ ಅದೇ ಬಳೆಯೇ.

ನಿಯಮಗಳನ್ನು ಹುಡುಕಿ ಹುಡುಕಿ ಕೊನೆಗೆ ಒಂದು ಸಂದು ಕಂಡಿತು. ಮನೆಯಲ್ಲಿ ಕೊನೆಗೆ ಉಣ್ಣುವವರು ಬದಲಾದರೆ ಬಳೆಯನ್ನು ಬೇರೆಯವರ ಕೈಗೆ ಕಟ್ಟಬಹುದು. ಮುಕ್ತಾಗೆ ಹನ್ನೆರಡು. ಆ ತೆಳು ರೊಟ್ಟಿ ಅವಳಿಗೆ ಸಾಲುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಬೆಳೆಯುವ ಮೈ, ಅದರ ಹಸಿವು ಸುಮ್ಮನಿರುವಂಥದಲ್ಲ, ಕೂಗುತ್ತದೆ. ಒಂದೇ ಒಂದು ಸಲ ಕೆಂಪು ಬಂದರೂ ಪಾಲು ಮತ್ತೆ ಶುರುವಾಗುತ್ತಿತ್ತು.

ಅಕ್ಕ ಒಪ್ಪಲಿಲ್ಲ. "ಮಗಳ ಹೊಟ್ಟಿ ಒತ್ತಿ ಇಡಬೇಕೇನು?"

"ಹಂಗಲ್ಲಕ್ಕ. ದಿನಾ ಹೆಂಗ ಉಣ್ತಾಳೋ ಹಂಗ ಉಣ್ಲಿ. ನಿನ್ನ ಮೈಗೆ ಹಸಿವು ರೂಢಿ ಆಗೇತಿ, ಅದಕ್ಕ ಹಸರು. ಅಕಿ ಮೈಗೆ ಆಗಿಲ್ಲ. ಅಕಿಗೆ ಸ್ವಲ್ಪ ಕಡಿಮಿ ಬಿದ್ರೂ ಕೆಂಪು ಬರ್ತೈತಿ."

"ಕಡಿಮಿ ಎಲ್ಲಿ ಬೀಳ್ತೈತಿ? ಅಕಿ ಉಂಡ ಏಳ್ತಾಳ, ನಾನ ಬಡಸ್ತೀನಲ್ಲ. ನಮ್ಮನ್ಯಾಗ ದಿನಾ ಬುಟ್ಟ್ಯಾಗ ಒಂದ ರೊಟ್ಟಿ ಉಳದ ಉಳೀತೈತಿ. ನಾ ಲೆಕ್ಕ ಮಾಡೇ ಬಡದಿರ್ತೀನಿ, ಆದ್ರೂ ಉಳೀತೈತಿ. ನಮ್ಮವ್ವ ಅಂತಿದ್ಲಲ್ಲ, ಬಡವರ ಬುಟ್ಟ್ಯಾಗ ದೇವರು ಒಂದ ಕೈ ಹಾಕಿರ್ತಾನಂತ." ಸ್ವಲ್ಪ ಹೊತ್ತು ಮಗಳನ್ನೇ ನೋಡಿದಳು. "ಕಟ್ಟು. ಕೆಂಪ ಬರಂಗಿಲ್ಲ ಅದು. ನಿನಗ ಸಮಾಧಾನ ಆಗ್ಲಿ."

ನಾನೇ ಮುಕ್ತಾಳ ಕೈಗೆ ಬಳೆ ಕಟ್ಟಿದೆ. ಮಣಿಕಟ್ಟು ಸಣ್ಣದಿತ್ತು, ಕೊನೆಯ ತೂತಿಗೆ ಸಿಕ್ಕಿಸಬೇಕಾಯಿತು.

"ಚಿಗವ್ವ, ನಾವು ಸುಳ್ಳ ಹೇಳಿದ್ರ ಇದಕ್ಕ ಗೊತ್ತಾಕ್ಕೇತೇನು?" ಎಂದು ಅವಳು ಕೇಳಿದಳು.

"ಇಲ್ಲವ್ವ, ಹಸಿವಷ್ಟ ಗೊತ್ತಾಕ್ಕೇತಿ" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಬಳೆಯ ಮೇಲೆ ಅಂಗಿಯ ತೋಳು ಎಳೆದುಕೊಂಡು ತಂಗಿಯ ಹತ್ತಿರ ಹೋಗಿ ಕುಳಿತಳು.

ಬಳೆಗೆ ಹೊಸ ಮೈಯ ಗುರುತು ಹತ್ತಲು ವಾರ ಬೇಕು. ಆ ವಾರ ಕಳೆದ ಮೇಲೆ ಬಂದ ಭಾನುವಾರ ನಾನು ಬೇಕೆಂದೇ ಡ್ಯೂಟಿ ಹಾಕಿಸಿಕೊಂಡೆ. ಅಂದು ಶಾಲೆಯ ಬಿಸಿಯೂಟ ಇರುವುದಿಲ್ಲ. ಬೆಳಿಗ್ಗೆಯಿಂದ ಪರದೆಯ ಮುಂದೆ ಕೂತೆ. ಹೆತ್ತ ಮಗಳಂತಿರುವ ಹುಡುಗಿ ಹಸಿಯಲಿ, ಹೆದರಲಿ, ಅವಳ ಎದೆ ಹೊಡೆದುಕೊಳ್ಳಲಿ ಎಂದು ದೇವರಲ್ಲಿ ಬೇಡಿಕೊಂಡೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹಸಿವಿನ ಗೆರೆ ಹತ್ತು ಗಂಟೆಯಿಂದಲೇ ಏರತೊಡಗಿತು. ಹನ್ನೆರಡಕ್ಕೆ ಸರಿಯಾಗಿ ಮೇಲಿತ್ತು. ನಾನು ಕುರ್ಚಿಯ ತುದಿಗೆ ಬಂದೆ. ಊಟದ ಹೊತ್ತಿಗೆ ಗೆರೆ ಚೂರು ಬಾಗಿತು, ಒಂದಿಷ್ಟು ತಿಂದಿದ್ದಾಳೆ. ಹೊಟ್ಟೆ ತುಂಬ ಉಂಡಿದ್ದರೆ ಅದು ಪೂರ್ತಿ ಕೆಳಗೆ ಬರಬೇಕಿತ್ತು. ಬರಲಿಲ್ಲ. ಅರ್ಧಕ್ಕೆ ನಿಂತು ಮತ್ತೆ ಮೇಲೇರಿತು.

ಕಳವಳದ ಗೆರೆಯನ್ನು ನೋಡಿದೆ. ಅದು ಮಲಗಿತ್ತು. ಅವಳವ್ವನದಕ್ಕಿಂತ ತಣ್ಣಗೆ ಮಲಗಿತ್ತು.

ಬಳೆ ಕೆಟ್ಟಿರಬೇಕು ಎಂದುಕೊಂಡು ಎಲ್ಲ ತಪಾಸಣೆ ಮಾಡಿದೆ. ಕೆಟ್ಟಿರಲಿಲ್ಲ. ಹೀಗೆ ಮಲಗಲು ಒಂದು ಮೈಗೆ ಎಷ್ಟು ಕಾಲದ ಅಭ್ಯಾಸ ಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕೇಂದ್ರದಲ್ಲಿರಲಿಲ್ಲ. ಬುಟ್ಟಿಯಲ್ಲಿ ದಿನವೂ ಉಳಿಯುವ ರೊಟ್ಟಿ ನೆನಪಾಯಿತು. ಅವ್ವನ ಒಪ್ಪತ್ತುಗಳನ್ನು ಮಗಳು ನನ್ನಂತೆ ನಂಬಿರಲಿಲ್ಲ. ಅವ್ವ ಕೊನೆಗೆ ಉಣ್ಣುತ್ತಾಳೆಂದು ತಿಳಿದು, ತನ್ನ ತಟ್ಟೆಯ ರೊಟ್ಟಿಯನ್ನು ಸದ್ದಿಲ್ಲದೆ ಬುಟ್ಟಿಗೆ ಸೇರಿಸಿ ಏಳುತ್ತಿದ್ದಳು. ಮಕ್ಕಳ ಬಳೆಯ ಸಂದೇಶ ಮನೆಯ ಫೋನಿಗೆ ಹೋಗುತ್ತಿರಲಿಲ್ಲ, ಪರದೆಯ ಮೂಲೆಯಲ್ಲಷ್ಟೇ ಅಕ್ಷರಗಳು ಮೂಡಿದವು: ನಿಮ್ಮ ವ್ರತ ಸಫಲವಾಗಲಿ.

ಫೋನು ಬಂತು. ಅಕ್ಕ.

"ಪಮ್ಮಿ, ಅಲ್ಲೇನ್ ಕಾಣ್ತೈತಿ? ಇಲ್ಲಿ ಹಸರ ಐತಿ."

"ಇಲ್ಲೂ ಹಸರ ಐತಕ್ಕ."

"ಒಮ್ಮೆನೂ ಕೆಂಪ ಆಗಿಲ್ಲ?"

"ಇಲ್ಲ."

ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು. ಪಾಲು ತಪ್ಪಿತೆಂಬ ನಿಟ್ಟುಸಿರಾಗಿರಲಿಲ್ಲ ಅದು. "ಹೋಗ್ಲಿ ಬಿಡು. ಪಾಲು ಬರದಿದ್ರ ಬ್ಯಾಡ. ನಾ ಅವತ್ತ ನಿನ್ನ ಮುಂದ ದೊಡ್ಡದಾಗಿ ಅಂದೆ ಖರೇ, ಆದ್ರ ಒಳಗೊಳಗ ಅಂಜಿದ್ದೆ. ಹುಡುಗಿ ಎಲ್ಲಿ ಅರೆಹೊಟ್ಟಿ ಮಲಗ್ತಾಳೋ ಅಂತ. ಹೊಟ್ಟಿ ತುಂಬ ಉಣ್ತಾಳ ಅಂತ ನಿಮ್ಮ ಮಷೀನ ಹೇಳ್ತಲ್ಲ. ನನಗ ಅಷ್ಟ ಸಾಕು."

ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೂ ಮಗಳಿಗೆ ಕೊಡಲು ಅವಳ ಹತ್ತಿರ ಇನ್ನೊಂದು ರೊಟ್ಟಿ ಇರಲಿಲ್ಲ, ಇದ್ದದ್ದು ಈ ಒಂದು ನೆಮ್ಮದಿ ಮಾತ್ರ.

"ಇವತ್ತೂ ಬುಟ್ಟ್ಯಾಗ ಒಂದ ರೊಟ್ಟಿ ಉಳದೈತಿ ನೋಡು" ಎಂದಳು ಅಕ್ಕ. ದನಿಯಲ್ಲಿ ನಗುವಿತ್ತು. "ಇನ್ನ ನಾ ಉಣ್ತೀನವಾ. ಹಸಿವಾಗೇತಿ ನನಗ."

ತನಗೆ ಹಸಿವಾಗಿದೆ ಎಂದು ಅಕ್ಕ ಹೇಳಿದ್ದನ್ನು ನನ್ನ ಜನ್ಮದಲ್ಲಿ ಕೇಳಿದ್ದು ಅದೇ ಮೊದಲು. ಅದನ್ನು ಕೇಳಿಸಿಕೊಳ್ಳಲು ಅವಳ ಕೈಯಲ್ಲಿ ಬಳೆಯಿರಲಿಲ್ಲ.

"ಉಣ್ಣಕ್ಕ" ಎಂದೆ.